ತಾತ ಹೌದು, ವಿಕಟಕವಿ ಅಲ್ಲ: ಒಂಬತ್ತನೇ ತರಗತಿಯ ಐಚ್ಛಿಕ ಕಂಪ್ಯೂಟರ್ ಪಾಠದ ಒಂದು ಪ್ರಕರಣ ಅಧ್ಯಯನ

ಮಂಡ್ಯ ತಾಲ್ಲೂಕಿನ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿಯಲ್ಲಿ ಕಂಪ್ಯೂಟರ್ ಪಾಠಕ್ಕೆ ಬರುವ ಮಕ್ಕಳು 24, ಓಡುವ ಯಂತ್ರಗಳು 8. ಎಲ್ಲವೂ ಯಾರೋ ಬಳಸಿ ಬಿಟ್ಟು ದಾನ ಕೊಟ್ಟ ಹಳೆಯ ಡೆಸ್ಕ್‌ಟಾಪ್‌ಗಳು, ವಿಂಡೋಸ್ 7. ಪೀರಿಯಡ್ ಎಂದರೆ 40 ನಿಮಿಷ. ಅದರಲ್ಲಿ ಯಂತ್ರ ಎದ್ದು ಕೂರುವುದಕ್ಕೇ ಐದಾರು ನಿಮಿಷ ಹೋಗುತ್ತದೆ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ ಎಳೆಯುತ್ತದೆ. ಇಂಟರ್‌ನೆಟ್ ಕಾಗದದ ಮೇಲೆ ಮಾತ್ರ ಇದೆ. ಪ್ರಕರಣ ಮಾದರಿಯದು, ಶಾಲೆ ಯಾವುದೆಂದು ಹುಡುಕುವುದು ಬೇಡ. ಆದರೆ ಇಲ್ಲಿ ಬರುವ ತಾಂತ್ರಿಕ ಎಡವಟ್ಟುಗಳೆಲ್ಲ ಇಂಥ ಯಂತ್ರದಲ್ಲಿ ಬರೆದ ಹಾಗೇ ಆಗುತ್ತವೆ. ಕೂತು ಮಾಡಿ ನೋಡಬಹುದು.

ನಿಗದಿತ ಪಾಠ ಮುಗಿದು, ಶನಿವಾರದ ಬೆಳಗಿನ ತರಗತಿಗಳಲ್ಲಿ ಆರು ಉಳಿದಿದ್ದವು. ಪರೀಕ್ಷೆಗೆ ಬಾರದ, ಅಂಕ ಇಲ್ಲದ, ಬೇಕಾದವರು ಮಾಡುವ ‘ಐಚ್ಛಿಕ’ ವಿಷಯಗಳಿಗೆ ಆ ಆರು ವಾರ ಸಿಕ್ಕಿತು. ಶಿಕ್ಷಕರ ಪಟ್ಟಿಯಲ್ಲಿ ಮೊದಲು ಇದ್ದವು ಐದು: ಕೃತಕ ಬುದ್ಧಿಮತ್ತೆ, ವೆಬ್ ಪುಟ ಮಾಡುವುದು, ಬಾರ್‌ಕೋಡ್‌ನ ಕೊನೆಯ ಅಂಕಿಯ ಲೆಕ್ಕ, ಕನ್ನಂಬಾಡಿ ಅಣೆಕಟ್ಟೆಯ ನೀರಿನ ಮಟ್ಟದ ನಕ್ಷೆ, ಮತ್ತು ಪಠ್ಯದ ಕೊನೆಗೆ ‘ಹೆಚ್ಚಿನ ಅಭ್ಯಾಸ’ ಎಂದಿದ್ದ ಪಾಲಿಂಡ್ರೋಮ್ ಪ್ರೋಗ್ರಾಂ, ಅಂದರೆ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ ಪದವನ್ನು ಗುರುತಿಸುವುದು.

ಕೊನೆಯದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ನಾಲ್ಕು ಶನಿವಾರ ತಿಂದದ್ದು ಅದೇ. ಕಾರಣ ಒಂದೇ: ಯಂತ್ರ ಹೇಳಿದ ಉತ್ತರ ತಪ್ಪು ಎಂದು ಮೇಷ್ಟ್ರನ್ನು ಕೇಳದೆ ಮಗುವೇ ಹೇಳಬಲ್ಲ ವಿಷಯ ಆ ಪಟ್ಟಿಯಲ್ಲಿ ಅದೊಂದೇ ಆಗಿತ್ತು. ಕೃತಕ ಬುದ್ಧಿಮತ್ತೆಯ ಉತ್ತರ ಸರಿಯೋ ತಪ್ಪೋ ಎಂದು ಇಂಟರ್‌ನೆಟ್ ಇಲ್ಲದ ಕೋಣೆಯಲ್ಲಿ ತೂಗಿ ನೋಡುವವರು ಯಾರು? ವೆಬ್ ಪುಟದಲ್ಲಿ ತಪ್ಪು ಎಂಬುದೇ ಇಲ್ಲ. ಬಣ್ಣ ಬದಲಿಸುತ್ತಾ, ಚಿತ್ರ ಅಂಟಿಸುತ್ತಾ ಮೂರು ವಾರ ಕಳೆಯಬಹುದು. ಇವೆರಡನ್ನೂ ಮೊದಲ ವಾರವೇ ಕೈಬಿಟ್ಟದ್ದು ಸರಿಯಾದ ತೀರ್ಮಾನ.

ಮೊದಲ ಶನಿವಾರ: ಯಂತ್ರ ಹೇಳಿದ ಸುಳ್ಳು

ಪಠ್ಯದ ಪ್ರೋಗ್ರಾಂ ಮೂರು ಸಾಲಿನದು. ಪದ ಓದು, ಅದನ್ನು ತಿರುಗಿಸು, ಎರಡೂ ಸಮವೇ ನೋಡು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಿರುಗಿಸಲು ಚೌಕ ಆವರಣದೊಳಗೆ ಎರಡು ಕೋಲನ್ ಹಾಕಿ ಮೈನಸ್ ಒಂದು ಬರೆದರೆ ಮುಗಿಯಿತು. ಇಂಗ್ಲಿಷ್‌ನ ಮೇಡಂ, ಲೆವೆಲ್ ಕೊಟ್ಟಾಗ ‘ಹೌದು’. ಕನ್ನಡದಲ್ಲಿ ಕನಕ, ಗದಗ, ಜಲಜ, ನಮನ ಕೊಟ್ಟಾಗಲೂ ‘ಹೌದು’. ಪಾಠ ಹದಿನೈದು ನಿಮಿಷಕ್ಕೆ ಮುಗಿಯುವಂತಿತ್ತು.

ಆಗ ಒಂದು ಗುಂಪು ‘ವಿಕಟಕವಿ’ ಟೈಪ್ ಮಾಡಿತು. ಪಾಲಿಂಡ್ರೋಮ್ ಎಂದರೆ ಕನ್ನಡದ ಮಕ್ಕಳಿಗೆ ಮೊದಲು ನೆನಪಾಗುವುದೇ ಆ ಪದ. ಯಂತ್ರ ‘ಅಲ್ಲ’ ಎಂದಿತು. ಸಮಾಸ, ನವಜೀವನ ಎರಡಕ್ಕೂ ‘ಅಲ್ಲ’. ಇನ್ನೊಂದು ಗುಂಪು ತಮಾಷೆಗೆ ‘ತಾತ’ ಕೊಟ್ಟರೆ ‘ಹೌದು’! ಮಾಮ, ಪಾಪ ಇವಕ್ಕೂ ‘ಹೌದು’. ತಾತ ತಿರುಗಿಸಿದರೆ ‘ತತಾ’ ಆಗಬೇಕಲ್ಲವೇ? ‘ಸಾ, ಮಿಷಿನ್ನೇ ತಪ್ಪು ಹೇಳ್ತದೆ’ ಎಂಬ ಮಾತು ಬಂದದ್ದು ಆಗ. ಐಚ್ಛಿಕ ಪಾಠ ಶುರುವಾದದ್ದೂ ಆಗಲೇ.

ಇಲ್ಲಿ ವಿವರಣೆ ಕೊಡಲು ಅವಸರ ಮಾಡಬಾರದು. ಈ ತರಗತಿಯಲ್ಲಿ ಯಂತ್ರ ಆರಿಸಿ ಕಾರ್ಡು ಹಂಚಲಾಯಿತು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿ ಇದಕ್ಕೆ ಸಾಕು; ಸುಮಾರು 4 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ತುಂಡುಗಳು, ಮೂವರ ಗುಂಪಿಗೆ 30. ಕಪ್ಪು ಸ್ಕೆಚ್ ಪೆನ್ನಿನಲ್ಲಿ ವ್ಯಂಜನ ಮತ್ತು ಸ್ವರ, ಕೆಂಪಿನಲ್ಲಿ ಗುಡಿಸು, ಕೊಂಬು, ಇಳಿ, ಸೊನ್ನೆ, ಒತ್ತು ಕೂಡಿಸುವ ಚಿಹ್ನೆ. ನಿಯಮ ಒಂದೇ: ಟೈಪ್ ಮಾಡುವಾಗ ಎಷ್ಟು ಸಲ ಕೀಲಿ ಒತ್ತುತ್ತೀರೋ ಅಷ್ಟು ಕಾರ್ಡು. ನುಡಿ ಕೀಲಿಮಣೆ ಬಳಸಿದ ಮಕ್ಕಳಿಗೆ ಇದು ಬೆರಳಿಗೇ ಗೊತ್ತಿರುತ್ತದೆ, ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ನಡುವೆ ‘ಎಫ್’ ಕೀಲಿ ಒತ್ತಲೇಬೇಕು. ಮಂಡ್ಯ ಎಂದರೆ ಮ, ಸೊನ್ನೆ, ಡ, ಎಫ್, ಯ. ಕಣ್ಣಿಗೆ ಎರಡಕ್ಷರ, ಬೆರಳಿಗೆ ಐದು.

ವಿಕಟಕವಿಗೆ ಏಳು ಕಾರ್ಡು: ವ, ಗುಡಿಸು, ಕ, ಟ, ಕ, ವ, ಗುಡಿಸು. ಸಾಲನ್ನು ಬಲದಿಂದ ಎಡಕ್ಕೆ ಮರುಜೋಡಿಸಿದರೆ ಮೊದಲಿಗೇ ಗುಡಿಸು ಬಂದು ಕೂರುತ್ತದೆ, ಹತ್ತಿಕೊಳ್ಳಲು ವ್ಯಂಜನವೇ ಇಲ್ಲ. ಕೊನೆಯ ಗುಡಿಸು ತನ್ನ ‘ವ’ವನ್ನು ಬಿಟ್ಟು ‘ಕ’ಕ್ಕೆ ಅಂಟುತ್ತದೆ. ತಾತದ್ದು ಮೂರೇ ಕಾರ್ಡು: ತ, ಇಳಿ, ತ. ತಿರುಗಿಸಿದರೂ ತ, ಇಳಿ, ತ. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಕಾರ್ಡು ಎಣಿಸುತ್ತಿತ್ತು, ಮಕ್ಕಳು ಅಕ್ಷರ ಎಣಿಸುತ್ತಿದ್ದರು. ಇಷ್ಟು ಹೊತ್ತಿಗೆ ಗಂಟೆ ಹೊಡೆಯಿತು. ಕರೆಂಟ್ ಹೋಗಿದ್ದರೂ ಈ ಪಾಠಕ್ಕೆ ನಷ್ಟವಿರಲಿಲ್ಲ ಎಂಬುದೂ ಒಂದು ಲಾಭ.

ಎರಡನೇ ಶನಿವಾರ: ಅಕ್ಷರದ ಹಿಂದಿನ ಸಂಖ್ಯೆ

ಯೂನಿಕೋಡ್ ಎಂದರೆ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ. ಅದರಲ್ಲಿ ಕನ್ನಡಕ್ಕೆ ಮೀಸಲಾದ ಮನೆಗಳು 128. ದಶಮಾನದಲ್ಲಿ 3200ರಿಂದ 3327ರವರೆಗೆ. ಪಠ್ಯಗಳಲ್ಲಿ ಇದನ್ನು ಹದಿನಾರರ ಮಾನದಲ್ಲಿ ಬರೆಯುವ ಪದ್ಧತಿ. ಒಂಬತ್ತನೇ ತರಗತಿಗೆ ಅದು ಬೇಡವಾದ ಭಾರ. ಚಿಹ್ನೆಯ ಸಂಖ್ಯೆ ಹೇಳುವ ಪೈಥಾನ್‌ನ ‘ಆರ್ಡ್’ ಹೇಗೂ ದಶಮಾನದಲ್ಲೇ ಉತ್ತರ ಕೊಡುತ್ತದೆ. ಅಲ್ಲಿಗೇ ನಿಲ್ಲಿಸುವುದು ಮೇಲು.

ಪ್ರತಿ ಗುಂಪೂ ಪದದ ಒಂದೊಂದು ಸಂಕೇತದ, ಅಂದರೆ ಒಂದೊಂದು ಕಾರ್ಡಿನ, ಸಂಖ್ಯೆಯನ್ನು ಮುದ್ರಿಸಿ ಕೆಂಪು-ಕಪ್ಪು ಕಾರ್ಡುಗಳ ಹಿಂದೆ ಬರೆಯಿತು. ಮಂಡ್ಯ: 3246, 3202, 3233, 3277, 3247. ಒಬ್ಬರು ಟೈಪ್ ಮಾಡುವುದು, ಒಬ್ಬರು ಓದುವುದು, ಒಬ್ಬರು ಕಾರ್ಡಿಗೆ ಬರೆಯುವುದು. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಬದಲಿಸದಿದ್ದರೆ ಕೀಲಿಮಣೆ ಹಿಡಿದವರು ಬಿಡುವುದಿಲ್ಲ, ಮೂರನೆಯವರು ಕಿಟಕಿ ನೋಡುತ್ತಾರೆ.

ಸಂಖ್ಯೆಗಳು ಮೇಜಿನ ಮೇಲೆ ಹರಡಿಕೊಂಡ ಮೇಲೆ ಮಕ್ಕಳೇ ಕಂಡುಕೊಂಡದ್ದು: ಕೆಂಪು ಕಾರ್ಡುಗಳೆಲ್ಲ ಒಂದೆರಡು ಕಡೆ ಗುಂಪಾಗಿವೆ. ಇಳಿಯಿಂದ ಔತ್ವದವರೆಗೆ 3262ರಿಂದ 3276. ಒತ್ತು ಕೂಡಿಸುವ ಚಿಹ್ನೆ 3277. ಸೊನ್ನೆ 3202, ವಿಸರ್ಗ 3203. ಅಲ್ಲಿಂದ ನಿಯಮ ತಾನಾಗಿ ಹುಟ್ಟಿತು. ಎಡದಿಂದ ಒಂದೊಂದೇ ಸಂಕೇತ ತೆಗೆದುಕೊ. ಅದು ಕೆಂಪಾದರೆ ಹಿಂದಿನ ಅಕ್ಷರಕ್ಕೆ ಅಂಟಿಸು. ಕಪ್ಪಾದರೂ ಅದರ ಹಿಂದಿನ ಸಂಕೇತ 3277 ಆಗಿದ್ದರೆ ಆಗಲೂ ಅಂಟಿಸು, ಏಕೆಂದರೆ ಅದು ಒತ್ತಕ್ಷರ. ಇಲ್ಲವಾದರೆ ಹೊಸ ಅಕ್ಷರ ಶುರು. ಇಷ್ಟನ್ನು ಪೈಥಾನ್‌ನಲ್ಲಿ ಬರೆದರೆ ಒಂಬತ್ತು ಸಾಲು. ಕೊನೆಗೆ ಸಿಗುವ ಅಕ್ಷರಗಳ ಪಟ್ಟಿಯನ್ನು ತಿರುಗಿಸಿ ಹೋಲಿಸಿದರೆ ವಿಕಟಕವಿ ‘ಹೌದು’, ತಾತ ‘ಅಲ್ಲ’. ನಡುವಿನ ಜಾಗ ತೆಗೆದು ಕೊಟ್ಟ ‘ಮದ್ರಾಸಿನ ಸಿದ್ರಾಮ’ ಕೂಡ ‘ಹೌದು’. ‘ದ್ರಾ’ ಎಂಬ ಒಂದಕ್ಷರದೊಳಗೆ ನಾಲ್ಕು ಸಂಕೇತವಿದ್ದರೂ ನಿಯಮ ಕದಲುವುದಿಲ್ಲ.

ಈ ಒಂಬತ್ತು ಸಾಲಿನಲ್ಲಿ ಮಕ್ಕಳು ಬೀಳುವ ಗುಂಡಿಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಇವೇ.

ಪ್ರತಿ ಪದಕ್ಕೂ ‘ಹೌದು’ ಬರುತ್ತಿದೆ ಎಂದರೆ ‘ಅಥವಾ’ದ ತಪ್ಪು. ‘ಸಂಕೇತ 3202ಕ್ಕೆ ಸಮ ಅಥವಾ 3203’ ಎಂದು ಬಾಯಲ್ಲಿ ಹೇಳಿದಂತೆಯೇ ಬರೆದಿರುತ್ತಾರೆ. ಪೈಥಾನ್‌ಗೆ ‘ಅಥವಾ’ದ ಬಲಗಡೆ ಇರುವ ಬರಿಯ 3203 ಸೊನ್ನೆಯಲ್ಲದ ಸಂಖ್ಯೆ, ಆದ್ದರಿಂದ ಯಾವಾಗಲೂ ನಿಜ. ಎಲ್ಲ ಸಂಕೇತವೂ ಹಿಂದಿನದಕ್ಕೆ ಅಂಟುತ್ತಾ ಹೋಗಿ ಇಡೀ ಪದ ಒಂದೇ ಅಕ್ಷರವಾಗುತ್ತದೆ. ಒಂದೇ ವಸ್ತುವಿರುವ ಪಟ್ಟಿ ತಿರುಗಿಸಿದರೂ ಅದೇ. ಎರಡು ಕಡೆಯೂ ಪೂರ್ತಿ ಹೋಲಿಕೆ ಬರೆಯಬೇಕು.

‘ಗೌರಿ’ ಮೂರಕ್ಷರ ಎಂದು ಬಂದರೆ ವ್ಯಾಪ್ತಿಯ ತಪ್ಪು. ಇಲ್ಲಿಂದ ಇಲ್ಲಿಯವರೆಗಿನ ಸಂಖ್ಯೆಗಳು ಎಂದು ಹೇಳುವ ‘ರೇಂಜ್’ಗೆ 3262, 3276 ಎಂದು ಕೊಟ್ಟರೆ ಪೈಥಾನ್ 3275ಕ್ಕೇ ನಿಲ್ಲುತ್ತದೆ, ಔತ್ವ ಹೊರಗುಳಿಯುತ್ತದೆ. ಔಕಾರದ ಪದ ಅಪರೂಪವಾದ್ದರಿಂದ ಈ ತಪ್ಪು ದಿನಗಟ್ಟಲೆ ಅಡಗಿ ಕೂರಬಲ್ಲದು. ಪರೀಕ್ಷಾ ಪದಗಳಲ್ಲಿ ಗೌರಿ, ಚೌಕ, ಮೌನ ಯಾವುದಾದರೊಂದು ಇರಲೇಬೇಕು.

ಪ್ರೋಗ್ರಾಂ ಮೊದಲ ಅಕ್ಷರದಲ್ಲೇ ಬಿದ್ದರೆ, ಖಾಲಿ ಪಟ್ಟಿಯ ಕೊನೆಯ ವಸ್ತುವನ್ನು ಕೇಳಿದ್ದಾರೆ ಎಂದರ್ಥ. ಒತ್ತಕ್ಷರಗಳು ಮಾತ್ರ ತಪ್ಪಾದರೆ, ‘ಹಿಂದಿನದು’ ಎಂಬ ಚರವನ್ನು ಹೋಲಿಸುವ ಮೊದಲೇ ಬದಲಿಸಿದ್ದಾರೆ.

ಮೂರನೇ ಶನಿವಾರ: ಕಡತದ ಕಾಟ

ಪದಗಳನ್ನು ಒಂದೊಂದಾಗಿ ಟೈಪ್ ಮಾಡಿ ಬೇಸತ್ತ ಮಕ್ಕಳು ನೋಟ್‌ಪ್ಯಾಡ್‌ನಲ್ಲಿ ಪಟ್ಟಿ ಮಾಡಿ ಒಟ್ಟಿಗೆ ಓದಿಸಲು ಹೊರಟರು. ಈ ಪ್ರಕರಣದ ಅತಿ ಹೆಚ್ಚು ಸಮಯ ಹೋದದ್ದು ಇಲ್ಲೇ. ಇಲ್ಲಿ ಕಲಿಯುವುದು ಪಾಲಿಂಡ್ರೋಮ್ ಅಲ್ಲದಿದ್ದರೂ, ಕಂಪ್ಯೂಟರ್‌ನಲ್ಲಿ ಕನ್ನಡ ಬಳಸುವ ಯಾರಿಗಾದರೂ ಜೀವನಪೂರ್ತಿ ಬೇಕಾಗುವ ವಿದ್ಯೆ ಇದು.

ಮೊದಲ ಪೆಟ್ಟು ಉಳಿಸುವಾಗಲೇ. ವಿಂಡೋಸ್ 7ರ ನೋಟ್‌ಪ್ಯಾಡ್ ತಾನಾಗಿ ‘ಆನ್ಸಿ’ ರೂಪದಲ್ಲಿ ಉಳಿಸಲು ಹೋಗುತ್ತದೆ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಒಂದು ಎಚ್ಚರಿಕೆ ಬರುತ್ತದೆ, ಮಕ್ಕಳು ಓದದೆ ಓಕೆ ಒತ್ತುತ್ತಾರೆ, ಕಡತ ಮತ್ತೆ ತೆರೆದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಹೋದದ್ದು ಹೋಯಿತು, ಮರಳಿ ಬರುವುದಿಲ್ಲ. ‘ಸೇವ್ ಆ್ಯಸ್’ನ ಕೆಳಗಿನ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ರೀತಿ) ಪಟ್ಟಿಯಲ್ಲಿ ಯೂನಿಕೋಡ್‌ನ ರೂಪವಾದ ಯುಟಿಎಫ್-8 ಆರಿಸಿದ ಮೇಲೆಯೇ ಉಳಿಸಬೇಕು.

ಎರಡನೆಯದು ಓದುವಾಗ. ಕಡತ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಹೇಳದಿದ್ದರೆ ವಿಂಡೋಸ್‌ನ ಪೈಥಾನ್ ಅದನ್ನು ಪಶ್ಚಿಮ ಯುರೋಪಿನ 1252 ಎಂಬ ಕೋಷ್ಟಕದಲ್ಲಿ ಓದುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಆ ಕೋಷ್ಟಕದಲ್ಲಿ ಒಂದೊಂದು ಬೈಟೂ ಒಂದೊಂದು ಅಕ್ಷರ. ಹಾಗಾಗಿ ‘ಕನಕ’ದ ಉದ್ದ 3ರ ಬದಲು 9 ಎಂದು ಬರುತ್ತದೆ. ಉದ್ದ ಮೂರು ಪಟ್ಟು ಕಂಡರೆ ಬೇರೇನೂ ಹುಡುಕುವುದು ಬೇಡ, ಎನ್‌ಕೋಡಿಂಗ್ ನೋಡಿ.

ಇದರಲ್ಲೊಂದು ಚೋದ್ಯವಿದೆ. ಕನಕ, ವಿಕಟಕವಿ, ನವಜೀವನ ಮಾತ್ರ ಇರುವ ಕಡತ ದೋಷವಿಲ್ಲದೆ ತೆರೆಯುತ್ತದೆ, ಕಸ ಕೊಡುತ್ತದೆ. ಅದಕ್ಕೆ ‘ಮೈಸೂರು’ ಸೇರಿಸಿ, ಪ್ರೋಗ್ರಾಂ ಕೆಂಪು ಸಾಲುಗಳೊಂದಿಗೆ ಬೀಳುತ್ತದೆ. ‘ಮಂಡ್ಯ’ ಸೇರಿಸಿದರೂ ಅಷ್ಟೇ. ಮಂಡ್ಯ, ಮೈಸೂರು ಎರಡಕ್ಕೂ ಏನು ದ್ವೇಷ ಎಂದು ಮಕ್ಕಳು ಕೇಳುವುದು ಸಹಜ. ಕೊಂಬಿನ ಮೂರನೇ ಬೈಟ್ 129, ಒತ್ತು ಕೂಡಿಸುವ ಚಿಹ್ನೆಯದು 141. 1252ರ ಕೋಷ್ಟಕದಲ್ಲಿ ಖಾಲಿ ಇರುವುದು ಐದೇ ಮನೆ: 129, 141, 143, 144, 157. ಅದರಲ್ಲಿ ಎರಡು ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಬರುವ ಚಿಹ್ನೆಗಳ ಮೇಲೇ ಬಿದ್ದಿವೆ. ಉಳಿದ ಮೂರು ಏ, ಐ, ಝ ಅಕ್ಷರಗಳಿಗೆ. ಹಾಗೆ ಬೀಳುವುದು ಒಳ್ಳೆಯದೇ. ಮೌನವಾಗಿ ಕಸ ಕೊಡುವ ಕಡತಕ್ಕಿಂತ ಕೂಗಿ ಬೀಳುವ ಕಡತ ವಾಸಿ. ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದರೆ ಎರಡೂ ತೀರುತ್ತವೆ.

ತೀರಿದ ಮೇಲೆ ಮೂರನೆಯದು. ಎಲ್ಲ ಪದವೂ ಸರಿ, ಪಟ್ಟಿಯ ಮೊದಲ ಪದ ಮಾತ್ರ ಯಾವಾಗಲೂ ‘ಅಲ್ಲ’. ಕನಕ ಮೊದಲಿದ್ದರೆ ಕನಕ ತಪ್ಪು, ಗದಗ ಮೊದಲಿದ್ದರೆ ಗದಗ ತಪ್ಪು. ಹಳೆಯ ನೋಟ್‌ಪ್ಯಾಡ್ ಯುಟಿಎಫ್-8 ಕಡತದ ತಲೆಗೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತದೆ, ಸಂಖ್ಯೆ 65279. ಸಾಲಿನ ತುದಿಯ ಖಾಲಿ ಜಾಗ ಕತ್ತರಿಸುವ ‘ಸ್ಟ್ರಿಪ್’ ಅದನ್ನು ಮುಟ್ಟುವುದಿಲ್ಲ, ಏಕೆಂದರೆ ಅದು ಖಾಲಿ ಜಾಗದ ಗುಂಪಿಗೆ ಸೇರಿಲ್ಲ. ಎನ್‌ಕೋಡಿಂಗ್ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ‘ಸಿಗ್’ ಸೇರಿಸಿದರೆ ಓದುವಾಗಲೇ ಅದು ಉದುರುತ್ತದೆ. ‘ಸ್ಟ್ರಿಪ್’ ಮಾತ್ರ ಬಿಡುವಂತಿಲ್ಲ. ಅದಿಲ್ಲದಿದ್ದರೆ ಪ್ರತಿ ಪದದ ಬಾಲದಲ್ಲೂ ಹೊಸಸಾಲಿನ ಗುರುತು ಉಳಿದು, ಪಟ್ಟಿಗೆ ಪಟ್ಟಿಯೇ ‘ಅಲ್ಲ’ ಆಗುತ್ತದೆ.

ಕನ್ನಡ ಪಂಡಿತರ ಪ್ರಶ್ನೆಪತ್ರಿಕೆಯಿಂದ ಪದ ನಕಲಿಸಿದ ಗುಂಪಿಗೆ ಬೇರೆಯೇ ತೊಂದರೆ. ಅದು ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿತ್ತು. ಅಲ್ಲಿ ಕಡತದೊಳಗೆ ಇರುವುದು ಕನ್ನಡವೇ ಅಲ್ಲ, ಯುರೋಪಿನ ಲಿಪಿಯ ಚಿಹ್ನೆಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ನೋಟ್‌ಪ್ಯಾಡ್‌ಗೆ ಅಂಟಿಸಿದ ಕೂಡಲೇ ವೇಷ ಕಳಚುತ್ತದೆ. ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರುವುದು ಒಂದೇ ದಾರಿ.

ಪರಿವರ್ತಿಸಿದ ಪಠ್ಯದಲ್ಲೂ ಎರಡು ಸೂಕ್ಷ್ಮ. ‘ಕೋ’ದ ಓತ್ವ 3275 ಎಂಬ ಒಂದೇ ಸಂಕೇತವಾಗಿರಬಹುದು, 3270, 3266, 3285 ಎಂಬ ಮೂರಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ಪೈಥಾನ್ ಜೊತೆಗೇ ಬರುವ ‘ಯೂನಿಕೋಡ್‌ಡೇಟಾ’ದ ‘ನಾರ್ಮಲೈಜ್’ ಅನ್ನು ಎನ್‌ಎಫ್‌ಸಿ ರೂಪ ಕೊಟ್ಟು ಕರೆದರೆ ಮೂರೂ ಒಂದಾಗುತ್ತವೆ. ಇನ್ನೊಂದು, ಸೊನ್ನೆ. ಅವಸರದಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಹಾಕುವವರು ಬಹಳ. ‘ಮ೦ಡ್ಯ’ ಎಂದು ಬರೆದರೆ ಓದುಗನಿಗೆ ಗೊತ್ತೇ ಆಗುವುದಿಲ್ಲ, ಅಕ್ಷರ ಎಣಿಕೆ ಮಾತ್ರ 2ರ ಬದಲು 3 ಬರುತ್ತದೆ. ಅನುಸ್ವಾರ 3202, ಅಂಕಿ ಸೊನ್ನೆ 3302. ಸರಿಯಾಗಿ ನೂರರ ಅಂತರ. ಮಕ್ಕಳು ಇದನ್ನು ಮರೆಯುವುದಿಲ್ಲ.

‘ಸೂರ್ಯ’ವನ್ನು ಅರ್ಕಾವೊತ್ತಿನ ಬದಲು ‘ರ’ದ ಕೆಳಗೆ ಯ ಒತ್ತು ಕೊಟ್ಟು ಬರೆದಾಗ ನಡುವೆ 8205 ಎಂಬ ಅದೃಶ್ಯ ಸಂಕೇತ ಸೇರುತ್ತದೆ. ‘ಸಾಫ್ಟ್‌ವೇರ್’ನಲ್ಲಿ ಟ ಮತ್ತು ವೇ ಬೆರೆಯದಂತೆ ತಡೆಯುವುದು 8204. ಇವೆರಡನ್ನೂ ಕೆಂಪು ಕಾರ್ಡಿನ ಪಟ್ಟಿಗೆ ಸೇರಿಸಿದರೆ ಸಾಕು. 8204ರ ನಂತರ ಬರುವ ವ್ಯಂಜನದ ಹಿಂದೆ 3277 ನೇರವಾಗಿ ಇರುವುದಿಲ್ಲವಾದ್ದರಿಂದ, ಅದು ತಾನಾಗಿ ಹೊಸ ಅಕ್ಷರವಾಗುತ್ತದೆ. ನಿಯಮಕ್ಕೆ ತೇಪೆ ಹಾಕಬೇಕಾಗಿ ಬರಲಿಲ್ಲ.

ತಯಾರಿಯ ಬಗ್ಗೆ ಎರಡು ಮಾತು. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ 3.8ರ ಸರಣಿ, ಅದಕ್ಕಿಂತ ಹೊಸದನ್ನು ಪೆನ್‌ಡ್ರೈವ್‌ನಲ್ಲಿ ತಂದರೆ ಹಾಕಿಕೊಳ್ಳುವುದೇ ಇಲ್ಲ, ಇದು ಶನಿವಾರ ಬೆಳಿಗ್ಗೆ ಗೊತ್ತಾದರೆ ಅಂದಿನ ಪಾಠ ಹೋದಂತೆ. ಫಲಿತಾಂಶವನ್ನು ಪೈಥಾನ್‌ನ ಐಡಲ್ ಕಿಟಕಿಯಲ್ಲೇ ನೋಡಬೇಕು. ಕಪ್ಪು ಕಮಾಂಡ್ ಕಿಟಕಿಯಲ್ಲಿ ಕನ್ನಡ ಚೌಕಗಳಾಗುತ್ತದೆ, ಮಕ್ಕಳು ಅದನ್ನು ತಮ್ಮ ಪ್ರೋಗ್ರಾಂನ ತಪ್ಪೆಂದು ತಿಳಿದು ಸರಿ ಇರುವುದನ್ನು ಕೆಡಿಸುತ್ತಾರೆ.

ನಾಲ್ಕನೇ ಶನಿವಾರ: ಛಂದಸ್ಸು

ಅಕ್ಷರ ಬಿಡಿಸಲು ಬಂದ ಮೇಲೆ ಮಾತ್ರೆ ಎಣಿಸುವುದು ಮುಂದಿನ ಹೆಜ್ಜೆ. ಲಘು-ಗುರು ಹಾಕುವುದು ಕನ್ನಡ ತರಗತಿಯಲ್ಲಿ ಹೇಗೂ ಇದೆ, ಅದರಿಂದ ಉತ್ತರ ಸರಿಯೇ ಎಂದು ತಾಳೆ ನೋಡಲು ಮಕ್ಕಳ ನೋಟ್‌ಬುಕ್ಕೇ ಸಾಕು. ಕಂಪ್ಯೂಟರ್ ಪಾಠಕ್ಕೆ ಇಂಥ ಉತ್ತರಪಟ್ಟಿ ಬಿಟ್ಟಿ ಸಿಗುವುದು ಅಪರೂಪ. ಕನ್ನಡ ಪಂಡಿತರು ಒಂದು ಪೀರಿಯಡ್ ಬಂದು ಕೂತರೆ ಇನ್ನೂ ಒಳ್ಳೆಯದು.

ನಿಯಮ: ದೀರ್ಘ ಚಿಹ್ನೆ ಅಥವಾ ದೀರ್ಘ ಸ್ವರ ಇದ್ದರೆ ಗುರು, ಐ, ಔ ಕೂಡ. ಸೊನ್ನೆ, ವಿಸರ್ಗ ಇದ್ದರೆ ಗುರು. ಮುಂದಿನದು ಒತ್ತಕ್ಷರವಾದರೆ ಹಿಂದಿನದು ಗುರು. ‘ಕಂಪ್ಯೂಟರ್’ನ ಕೊನೆಯ ‘ರ್’ನಂತೆ ಸ್ವರವಿಲ್ಲದೆ ನಿಂತ ವ್ಯಂಜನಕ್ಕೆ ತನ್ನದೇ ಮಾತ್ರೆ ಇಲ್ಲ, ಹಿಂದಿನದನ್ನು ಗುರು ಮಾಡುತ್ತದೆ. ಉಳಿದದ್ದು ಲಘು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು.

ಪರೀಕ್ಷೆಗೆ ಬಳಸಿದ ಪದಗಳಲ್ಲಿ ಕೆಲವು:

ಮಂಡ್ಯ: 5 ಸಂಕೇತ, 2 ಅಕ್ಷರ, 3 ಮಾತ್ರೆ
ಮೈಸೂರು: 6 ಸಂಕೇತ, 3 ಅಕ್ಷರ, 5 ಮಾತ್ರೆ
ವಿಕಟಕವಿ: 7 ಸಂಕೇತ, 5 ಅಕ್ಷರ, 5 ಮಾತ್ರೆ
ಶ್ರೀರಂಗಪಟ್ಟಣ: 12 ಸಂಕೇತ, 6 ಅಕ್ಷರ, 9 ಮಾತ್ರೆ

ಶ್ರೀರಂಗಪಟ್ಟಣಕ್ಕೆ 8 ಬಂದ ಗುಂಪುಗಳು ಮುಂದಿನ ಅಕ್ಷರವನ್ನು ನೋಡುವುದನ್ನು ಮರೆತಿದ್ದವು. ‘ಪ’ ಲಘುವಾಗಿಯೇ ಉಳಿದಿತ್ತು. 10 ಬಂದ ಗುಂಪು ಒತ್ತಕ್ಷರವನ್ನೇ ಗುರು ಎಂದು ಲೆಕ್ಕ ಹಾಕಿ ‘ಟ್ಟ’ಕ್ಕೂ ಎರಡು ಕೊಟ್ಟಿತ್ತು. ಈ ಎರಡನೇ ತಪ್ಪು ಕೈಯಲ್ಲಿ ಪ್ರಸ್ತಾರ ಹಾಕುವಾಗಲೂ ಮಕ್ಕಳು ಮಾಡುವುದೇ. ಅಲ್ಲಿ ಕೆಂಪು ಗೀಟು ಬೀಳುತ್ತದೆ, ಮುಂದಿನ ಪದ್ಯದಲ್ಲಿ ಮತ್ತೆ ಬೀಳುತ್ತದೆ. ಇಲ್ಲಿ ಕಾರಣ ಹುಡುಕಿ ಒಂದು ಸಾಲು ತಿದ್ದದೆ ವಿಧಿಯಿಲ್ಲ. ಪಠ್ಯದ ಭಾಮಿನಿ ಷಟ್ಪದಿಯೊಂದನ್ನು ಕೊಟ್ಟು 1, 2, 4, 5ನೇ ಸಾಲಿಗೆ 14, 3 ಮತ್ತು 6ಕ್ಕೆ 23 ಬರುತ್ತದೆಯೇ ನೋಡುವುದು ಕೊನೆಯ ಕೆಲಸ. ಸಾಲಿನ ನಡುವಿನ ಜಾಗ, ವಿರಾಮ ಚಿಹ್ನೆ ಮೊದಲು ತೆಗೆಯದಿದ್ದರೆ ಅವೂ ಒಂದೊಂದು ಲಘುವಾಗಿ ಕೂಡಿಕೊಳ್ಳುತ್ತವೆ. ಹಳಗನ್ನಡದ ಶಿಥಿಲದ್ವಿತ್ವಕ್ಕೆ ಮಾತ್ರ ಈ ಪ್ರೋಗ್ರಾಂನಲ್ಲಿ ಮದ್ದಿಲ್ಲ: ಒತ್ತಕ್ಷರ ಮುಂದಿದ್ದರೂ ಹಿಂದಿನದು ಲಘುವಾಗಿಯೇ ಉಳಿಯುವುದು ಉಚ್ಚಾರದಿಂದ ತಿಳಿಯುವ ಸಂಗತಿ, ಕಾಗುಣಿತದಲ್ಲಿ ಅದರ ಗುರುತಿಲ್ಲ.

ಉಳಿದ ಎರಡು ವಾರ

ಬಾರ್‌ಕೋಡ್ ಒಂದು ವಾರಕ್ಕೆ ಹದವಾದ ವಿಷಯ. ಬಿಸ್ಕತ್ತು, ಸೋಪಿನ ಖಾಲಿ ಹೊದಿಕೆ ತರಲು ಹೇಳಿದರೆ ಸಾಮಗ್ರಿ ಮುಗಿಯಿತು. 13 ಅಂಕಿಗಳಲ್ಲಿ ಮೊದಲ 12ನ್ನು ಎಡದಿಂದ 1, 3, 1, 3 ಎಂದು ಗುಣಿಸಿ ಕೂಡಬೇಕು. ಮೊತ್ತವನ್ನು ಮುಂದಿನ ಹತ್ತರ ಗುಣಕಕ್ಕೆ ಏರಿಸಲು ಬೇಕಾದ್ದೇ ಕೊನೆಯ ಅಂಕಿ. 890123456789 ತೆಗೆದುಕೊಂಡರೆ 28ಕ್ಕೆ 34ರ ಮೂರು ಪಟ್ಟು 102 ಸೇರಿ 130, ಕೊನೆಯ ಅಂಕಿ 0. ಒಂದು ಅಂಕಿ ತಪ್ಪಾದರೆ ಖಂಡಿತ ಸಿಕ್ಕಿಬೀಳುತ್ತದೆ. ಅಕ್ಕಪಕ್ಕದ ಎರಡು ಅದಲುಬದಲಾದರೂ ಸಾಮಾನ್ಯವಾಗಿ ಸಿಗುತ್ತದೆ, ಆದರೆ 16 ಹೋಗಿ 61 ಆದರೆ ಸಿಗುವುದಿಲ್ಲ: 19 ಇದ್ದದ್ದು 9 ಆಗುತ್ತದೆ, ಹತ್ತರ ವ್ಯತ್ಯಾಸ ಲೆಕ್ಕಕ್ಕೆ ಕಾಣದು. ಅಂತರ 5 ಇರುವ ಜೋಡಿಗಳೆಲ್ಲ ಹೀಗೆ ನುಣುಚಿಕೊಳ್ಳುತ್ತವೆ. ಅವನ್ನು ಹುಡುಕಿಸುವುದೇ ಪಾಠದ ರುಚಿ. 890 ಎಂದರೆ ಸಂಖ್ಯೆ ನೋಂದಣಿಯಾದದ್ದು ಭಾರತದಲ್ಲಿ ಎಂದಷ್ಟೇ ಅರ್ಥ, ಮಾಲು ಇಲ್ಲೇ ತಯಾರಾಯಿತು ಎಂದಲ್ಲ. ಆಧಾರ್‌ನ ಕೊನೆಯ ಅಂಕಿಯೂ ಇಂಥದೇ. ಅಲ್ಲಿ ಬಳಸುವ ವೆರ್ಹೂಫ್ ವಿಧಾನ ಅಕ್ಕಪಕ್ಕದ ಅದಲುಬದಲನ್ನೆಲ್ಲ ಹಿಡಿಯುತ್ತದೆ. ಹಾಗೆಂದು ಮಕ್ಕಳ ಆಧಾರ್ ಸಂಖ್ಯೆಯನ್ನು ಹಲಗೆಯ ಮೇಲೆ ಬರೆಸುವ ಕೆಲಸ ಯಾರೂ ಮಾಡಬಾರದು.

ಕನ್ನಂಬಾಡಿಯ ನಕ್ಷೆ ಅರ್ಧಕ್ಕೆ ನಿಂತಿತು. ಪತ್ರಿಕೆಯಲ್ಲಿ ಬಂದ ನೀರಿನ ಮಟ್ಟವನ್ನು ಕಂಪ್ಯೂಟರಿನ ಲೆಕ್ಕದ ಹಾಳೆಗೆ (ಸ್ಪ್ರೆಡ್‌ಶೀಟ್) ಏರಿಸಿದಾಗ ದಿನಾಂಕಗಳು ಕಲಸಿಹೋದವು: ಯಂತ್ರದ ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿದ್ದರೆ 05-07 ಮೇ 7 ಆಗುತ್ತದೆ, 13-07 ದಿನಾಂಕವೇ ಆಗದೆ ಬರಿಯ ಪಠ್ಯವಾಗಿ ಎಡಕ್ಕೆ ಸರಿದು ನಿಲ್ಲುತ್ತದೆ. ನಮೂದಿಸುವ ಮೊದಲೇ ಭಾಷೆಯ ಸೆಟ್ಟಿಂಗನ್ನು ಇಂಗ್ಲಿಷ್ (ಭಾರತ) ಮಾಡಿಕೊಳ್ಳಬೇಕು. ಇನ್ನೊಂದು ತಪ್ಪು ಲೆಕ್ಕದ್ದು. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.452 ಟಿಎಂಸಿ, 100 ಅಡಿ ಇದ್ದರೆ ನೀರು ಶೇ. 80 ಎಂದು ಮಕ್ಕಳು ಬರೆದಿದ್ದರು. ಅಣೆಕಟ್ಟೆ ಡಬ್ಬಿಯಲ್ಲ, ಮೇಲೆ ಹೋದಂತೆ ಅಗಲವಾಗುವ ಕಣಿವೆ. ಮೇಲಿನ ಒಂದು ಅಡಿಯಲ್ಲಿ ಇರುವಷ್ಟು ನೀರು ತಳದ ಒಂದು ಅಡಿಯಲ್ಲಿ ಇರುವುದಿಲ್ಲ. ಆದ್ದರಿಂದ ನೂರಡಿಯಲ್ಲಿ ಶೇ. 80ಕ್ಕಿಂತ ಬಹಳ ಕಡಿಮೆ. ಒಳ್ಳೆಯ ವಿಷಯವೇ, ಆದರೆ ಅದಕ್ಕೆ ಒಂದು ವಾರ ಸಾಲದು.

ಉಳಿದ ಕೊನೆಯ ಹದಿನೈದು ನಿಮಿಷಕ್ಕೆ ಒಂದು ಚಿಕ್ಕ ಕೆಲಸ: ಪದಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು. ಪಟ್ಟಿ ಜೋಡಿಸುವ ಪೈಥಾನ್‌ನ ‘ಸಾರ್ಟೆಡ್’ ಬಹುಪಾಲು ಸರಿಯಾಗಿಯೇ ಜೋಡಿಸುತ್ತದೆ, ಏಕೆಂದರೆ ಯೂನಿಕೋಡ್‌ನ ಮನೆಗಳು ವರ್ಣಮಾಲೆಯ ಕ್ರಮವನ್ನೇ ಹೆಚ್ಚುಕಡಿಮೆ ಅನುಸರಿಸುತ್ತವೆ. ಆದರೆ ‘ಬಳೆ’ ‘ಬಸವ’ಕ್ಕಿಂತ ಮೊದಲು ಬಂತು, ‘ಹಳ್ಳಿ’ ‘ಹಸು’ವಿಗಿಂತ ಮೊದಲು. ಕಾರ್ಡುಗಳ ಹಿಂದೆ ನೋಡಿದರೆ ಕಾರಣ ಸಿಕ್ಕಿತು. ವರ್ಣಮಾಲೆಯಲ್ಲಿ ಕೊನೆಗೆ ಬರುವ ಳ ಇಲ್ಲಿ 3251, ಲ ಆದ ಕೂಡಲೇ ಕೂತಿದೆ. ವ, ಶ, ಷ, ಸ, ಹ ಅದರ ನಂತರ, 3253ರಿಂದ 3257. ಜೋಡಿಸುವ ಹೊತ್ತಿಗೆ ಮಾತ್ರ ಳ ಬದಲು ಇನ್ನೊಂದು ಸಂಖ್ಯೆ ಕೊಟ್ಟರೆ ಸಾಕು. ಅದು ಹ ಆದ ಮೇಲೆ ಬರಬೇಕು, 3262ರಿಂದ ಶುರುವಾಗುವ ಸ್ವರಚಿಹ್ನೆಗಳಿಗಿಂತ ಮೊದಲಿರಬೇಕು, ಬೇರೆ ಯಾವ ಅಕ್ಷರವೂ ಅಲ್ಲಿರಬಾರದು. 3258ನೇ ಮನೆ ಖಾಲಿ ಇದೆ.